ತಿರುಗಾಡುವ ಕೆಲಸ ಬೇಕೆಂದರೆ: ಕೋರ್ಸಿಗೆ ದುಡ್ಡು ಕಟ್ಟುವ ಮೊದಲು

ಪಿಯುಸಿ, ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿದವರು "ತಿರುಗಾಡೋ ಕೆಲಸ ಬೇಕು, ಏನು ಮಾಡಬೇಕ್ರಿ?" ಎಂದು ಕೇಳಿದರೆ ಹುಬ್ಬಳ್ಳಿ-ಧಾರವಾಡದಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದು ಕೋರ್ಸಿನ ಹೆಸರು: ಏವಿಯೇಷನ್, ಮರ್ಚಂಟ್ ನೇವಿ, ಟೂರಿಸಂ. ಆದರೆ ಕೋರ್ಸು ಕೊನೆಗೆ ಯೋಚಿಸಬೇಕಾದ್ದು. ಮೊದಲು ಕಣ್ಣು, ಆಮೇಲೆ ಕಾಗದಪತ್ರ, ಅದಾದ ಮೇಲೆ ವರ್ಷಕ್ಕೆ ಎಷ್ಟು ರಾತ್ರಿ ಮನೆ ಬಿಟ್ಟಿರಬಲ್ಲಿರಿ ಎಂಬ ಲೆಕ್ಕ. ಈ ಮೂರಕ್ಕೂ ಸೇರಿ ಆಗುವ ಖರ್ಚು ಕೆಲವೇ ಸಾವಿರ. ಇಲ್ಲಿ ಆಗುವುದಿಲ್ಲ ಎಂದು ತಿಳಿದ ಕೆಲಸಕ್ಕೆ ಆಮೇಲೆ ಲಕ್ಷ ರೂಪಾಯಿ ಸುರಿದರೂ ಆಗುವುದಿಲ್ಲ.

ಮೊದಲು ಕಣ್ಣು ತೋರಿಸಿ

ತಿರುಗಾಡುವ ಕೆಲಸಗಳಲ್ಲಿ ಅರ್ಧದಷ್ಟಕ್ಕೆ ಕಣ್ಣಿನ ನಿಯಮ ಇದೆ, ಅದೂ ಬಿಗಿಯಾಗಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ (ರೈಲು ಓಡಿಸುವವರ ಸಹಾಯಕ) ಹುದ್ದೆಗೆ ಎ-1 ವೈದ್ಯಕೀಯ ದರ್ಜೆ ಬೇಕು. ಅಂದರೆ ಕನ್ನಡಕವಿಲ್ಲದೆ ಎರಡೂ ಕಣ್ಣಿಗೆ 6/6 ದೃಷ್ಟಿ, ಜೊತೆಗೆ ಬಣ್ಣ ಗುರುತಿಸುವ ಶಕ್ತಿ. ಲೇಸಿಕ್ ಆಪರೇಷನ್ ಮಾಡಿಸಿಕೊಂಡು ಕನ್ನಡಕ ತೆಗೆದವರನ್ನು ಈ ಹುದ್ದೆಗೆ ತೆಗೆದುಕೊಳ್ಳುವುದಿಲ್ಲ. ಸ್ಟೇಷನ್ ಮಾಸ್ಟರ್, ಗೂಡ್ಸ್ ಟ್ರೇನ್ ಮ್ಯಾನೇಜರ್ (ಗಾರ್ಡ್) ಹುದ್ದೆಗಳಿಗೆ ಎ-2 ದರ್ಜೆ. ಅಲ್ಲಿ ಕನ್ನಡಕವಿಲ್ಲದೆ 6/9 ಸಾಕು. ಟಿಕೆಟ್ ವಿಭಾಗದ ಹುದ್ದೆಗಳಿಗೆ ಕನ್ನಡಕ ನಡೆಯುತ್ತದೆ. ಹಡಗಿನಲ್ಲೂ ಹೀಗೇ: ಹಡಗು ನಡೆಸುವ ಡೆಕ್ ಕಡೆಯವರಿಗೆ ನಿಯಮ ಬಿಗಿ, ಎಂಜಿನ್ ಕಡೆಯವರಿಗೆ ಕನ್ನಡಕದ ವಿಷಯದಲ್ಲಿ ಸ್ವಲ್ಪ ಸಡಿಲ.

ಆದ್ದರಿಂದ ಯಾವುದೇ ಅರ್ಜಿ ತುಂಬುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಮೂರು ಸಂಗತಿ ಬರೆಸಿಕೊಳ್ಳಿ: ಕನ್ನಡಕವಿಲ್ಲದೆ ಒಂದೊಂದು ಕಣ್ಣಿನ ದೂರದೃಷ್ಟಿ ಎಷ್ಟು, ಪವರ್ ಎಷ್ಟು, ಇಶಿಹಾರ ಪುಸ್ತಕದಲ್ಲಿ ಬಣ್ಣದ ಪರೀಕ್ಷೆಯ ಫಲ ಏನು. ಈ ಪುಸ್ತಕದ ಪುಟಗಳಲ್ಲಿ ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿಗಳು ಅಡಗಿರುತ್ತವೆ; ಕೆಂಪು-ಹಸಿರು ಬೇರ್ಪಡಿಸಲು ಆಗದವರಿಗೆ ಕೆಲವು ಅಂಕಿ ಕಾಣುವುದಿಲ್ಲ, ಕೆಲವು ಬೇರೆಯಾಗಿ ಕಾಣುತ್ತವೆ. ಮೊಬೈಲ್ ಪರದೆಯ ಮೇಲೆ ಮಾಡಿದ ಪರೀಕ್ಷೆಯನ್ನು ನಂಬಬೇಡಿ, ಒಂದೊಂದು ಪರದೆಯ ಬಣ್ಣ ಒಂದೊಂದು ಥರ. ಈ ದೋಷ ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು, ಔಷಧಿಯಿಂದ ಹೋಗುವುದಿಲ್ಲ. ತಾಯಿಯ ಮೂಲಕ ಇಳಿದು ಬರುವುದರಿಂದ ತಾಯಿಯ ತಂದೆಗೋ ಸೋದರಮಾವನಿಗೋ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಇದ್ದವರಿಗೆ ದಿನನಿತ್ಯದ ಬದುಕಿನಲ್ಲಿ ತೊಂದರೆಯೇ ಗೊತ್ತಾಗದು. ಎರಡು ವರ್ಷ ಓದಿ, ಪರೀಕ್ಷೆಗಳನ್ನೆಲ್ಲ ಗೆದ್ದು, ಕೊನೆಗೆ ರೈಲ್ವೆ ಆಸ್ಪತ್ರೆಯ ಮೆಡಿಕಲ್‌ನಲ್ಲಿ ಮೊದಲ ಸಲ ಇದು ಗೊತ್ತಾಗುವ ಹುಡುಗರಿದ್ದಾರೆ. ಅದಕ್ಕಿಂತ ದೊಡ್ಡ ನಷ್ಟ ಈ ದಾರಿಯಲ್ಲಿ ಇಲ್ಲ, ಅದನ್ನು ತಪ್ಪಿಸುವುದು ಅರ್ಧ ದಿನದ ಕೆಲಸ.

ಹೆಸರು ಒಂದೇ ಥರ ಇರಲಿ, ಪಾಸ್‌ಪೋರ್ಟ್ ಕೈಯಲ್ಲಿರಲಿ

ನಮ್ಮ ಕಡೆಯ ಹೆಸರುಗಳಲ್ಲಿ ಒಂದು ಖಾಯಂ ತೊಡಕಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಬಸವರಾಜ ಎಸ್ ಅಂಗಡಿ", ಆಧಾರ್‌ನಲ್ಲಿ "ಅಂಗಡಿ ಬಸವರಾಜ ಶಿವಪ್ಪ", ಪ್ಯಾನ್ ಕಾರ್ಡಿನಲ್ಲಿ ಬರೀ "ಬಸವರಾಜ್". ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ಅಕ್ಷರ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಊರಲ್ಲಿ ಇದರಿಂದ ಏನೂ ಆಗದು. ಆದರೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಅದನ್ನು ಬಿಡಿಸಿ ಬರೆಯಬೇಕು. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಕೊಲ್ಲಿ ದೇಶಗಳ ವೀಸಾಕ್ಕೆ ಕಷ್ಟವಾಗುತ್ತದೆ. ಹಡಗಿನ ಕಾಗದ, ನರ್ಸಿಂಗ್ ನೋಂದಣಿ, ವೀಸಾ ಎಲ್ಲವೂ ಪಾಸ್‌ಪೋರ್ಟಿನ ಹೆಸರನ್ನೇ ಹಿಡಿದು ಹೋಗುತ್ತವೆ.

ತಿದ್ದುವ ಕ್ರಮ ಹೀಗಿರಲಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳಿ, ಏಕೆಂದರೆ ತಿದ್ದಿಸಲು ಎಲ್ಲಕ್ಕಿಂತ ಕಷ್ಟ ಅದೇ. ಅದರಂತೆ ಆಧಾರ್ ಸರಿಮಾಡಿಸಿ, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ, ಕೊನೆಗೆ ಪಾಸ್‌ಪೋರ್ಟ್. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ವಯಸ್ಕರಿಗೆ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ತತ್ಕಾಲ್ ಆದರೆ ಮೇಲೆ ಇನ್ನೂ 2,000. ತಿರುಗಾಡುವ ಕೆಲಸಕ್ಕೆ ಹೋಗುವವರು 60 ಪುಟದ್ದನ್ನೇ ಮಾಡಿಸುವುದು ಒಳ್ಳೆಯದು. ವಿಳಾಸದ ವಿಷಯದಲ್ಲಿ ಎಚ್ಚರ: ಹಿರೇಕೆರೂರಿನ ಮನೆಯ ವಿಳಾಸ ಕೊಟ್ಟು ನೀವು ಧಾರವಾಡದ ರೂಮಿನಲ್ಲಿದ್ದರೆ, ಪೊಲೀಸರು ವಿಚಾರಣೆಗೆ ಬಂದಾಗ ಸಿಗುವುದಿಲ್ಲ, ಕಡತ ಅಲ್ಲಿಗೇ ನಿಲ್ಲುತ್ತದೆ. ಪೊಲೀಸ್ ಠಾಣೆಯಿಂದ ಫೋನ್ ಬರುವವರೆಗೆ ಆ ವಿಳಾಸದಲ್ಲೇ ಇರಿ.

ಕಂಪನಿ ಕೆಲಸದಲ್ಲೂ ಪಾಸ್‌ಪೋರ್ಟಿಗೆ ಬೆಲೆಯಿದೆ. ಹೊರದೇಶದ ಗಿರಾಕಿಯ ಹತ್ತಿರ ಮಷಿನ್ ಕೆಟ್ಟಾಗ ಮ್ಯಾನೇಜರ್ ಮೊದಲು ಕೇಳುವುದು "ಯಾರ ಹತ್ತಿರ ಪಾಸ್‌ಪೋರ್ಟ್ ಐತಿ?" ಎಂದೇ.

ರಾತ್ರಿಗಳ ಲೆಕ್ಕ

ತಿರುಗಾಟದಲ್ಲಿ ಮೂರು ಬಗೆ. ಗಾಡಿಯೊಳಗೇ ಇದ್ದು ದುಡಿಯುವುದು: ರೈಲು, ಹಡಗು, ಬಸ್ಸು, ವಿಮಾನ. ಒಂದು ಊರಿಗೆ ಹೋಗಿ ಕೆಲಸ ಮುಗಿಸಿ ಬರುವುದು: ಸರ್ವಿಸ್ ಎಂಜಿನಿಯರ್, ಆಡಿಟ್, ಟೂರ್ ಮ್ಯಾನೇಜರ್. ಬೇರೆ ಊರಲ್ಲೋ ದೇಶದಲ್ಲೋ ವರ್ಷಗಟ್ಟಲೆ ನೆಲೆಸುವುದು: ನರ್ಸಿಂಗ್, ಕೊಲ್ಲಿಯ ಕೆಲಸ. ಊರು ನೋಡುವ ಆಸೆಯಿದ್ದವರಿಗೆ ಮೊದಲ ಬಗೆ ತುಂಬ ಸಲ ನಿರಾಸೆ ಕೊಡುತ್ತದೆ, ಏಕೆಂದರೆ ಗಾಡಿ ನಿಂತಲ್ಲಿ ನಿಮಗೆ ಬಿಡುವು ಸಿಗುವುದು ನಿದ್ದೆಗೆ ಮಾತ್ರ.

ಒಂದು ಹಾಳೆಯ ಮೇಲೆ ಹನ್ನೆರಡು ತಿಂಗಳು ಬರೆಯಿರಿ. ಮನೆಯಲ್ಲಿ ಹೊಲ ಇದ್ದರೆ ಜೂನ್‌ನ ಮುಂಗಾರಿ ಬಿತ್ತನೆ, ರೋಣ-ನರಗುಂದದ ಕಡೆಯವರಾದರೆ ಸೆಪ್ಟೆಂಬರ್-ಅಕ್ಟೋಬರ್‌ನ ಜೋಳ-ಕಡಲೆ ಬಿತ್ತನೆ, ಆಮೇಲಿನ ಸುಗ್ಗಿ, ಊರ ಜಾತ್ರೆ, ತಂದೆತಾಯಿಯ ಆಸ್ಪತ್ರೆಯ ತಾರೀಖು ಗುರುತು ಹಾಕಿ. ಇವುಗಳಲ್ಲಿ ನೀವಿಲ್ಲದೆ ನಡೆಯದೇ ಇರುವುದು ಎಷ್ಟು? ಉಳಿದ ರಾತ್ರಿಗಳೇ ನಿಮ್ಮ ಕೈಯಲ್ಲಿರುವ ಬಂಡವಾಳ. ವರ್ಷಕ್ಕೆ 40 ರಾತ್ರಿಗಿಂತ ಹೆಚ್ಚು ಆಗದು ಎನ್ನುವವರು ಹಡಗು, ಗಾಳಿಗಿರಣಿ ಮರೆತುಬಿಡುವುದು ಒಳ್ಳೆಯದು. ಅವರಿಗೆ ಬೀಜದ ಕಂಪನಿಗಳ ಕ್ಷೇತ್ರ ಕೆಲಸ ಒಪ್ಪುತ್ತದೆ. ರಾಣೆಬೆನ್ನೂರು ಸುತ್ತಮುತ್ತ ಹೈಬ್ರಿಡ್ ಹತ್ತಿ, ತರಕಾರಿ ಬೀಜೋತ್ಪಾದನೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೋ ಅದರ ಹನುಮನಮಟ್ಟಿ ಕಾಲೇಜಿನದ್ದೋ ಪದವಿ, ಇಲ್ಲವೇ ಕೃಷಿ ಡಿಪ್ಲೊಮಾ ಇದ್ದವರು ದಿನಕ್ಕೆ ನಾಲ್ಕಾರು ಹಳ್ಳಿ ಸುತ್ತಿ ರಾತ್ರಿ ಮನೆಗೆ ಬರಬಹುದು. ದಿನವಿಡೀ ಬೈಕ್ ಮೇಲೆ, ಪರಾಗಸ್ಪರ್ಶದ ಹಂಗಾಮಿನಲ್ಲಿ ಸೂಟಿ ಇಲ್ಲ, ಆದರೆ ಹೊಲವೂ ಉಳಿಯುತ್ತದೆ, ತಿರುಗಾಟವೂ ಆಗುತ್ತದೆ.

ರೈಲ್ವೆ: ತಿರುಗಾಟ ಇರುವುದು ಪಾಸಿನಲ್ಲಿ

ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಹೀಗಾಗಿ ಇಲ್ಲಿಯವರಿಗೆ ರೈಲ್ವೆ ಮೇಲೆ ಆಸೆ ಸಹಜ. ಲೋಕೋ ಪೈಲಟ್ ಆದರೆ ದೇಶ ಸುತ್ತಬಹುದು ಎಂಬ ಎಣಿಕೆ ಮಾತ್ರ ತಪ್ಪು. ಹುಬ್ಬಳ್ಳಿಯ ಸಿಬ್ಬಂದಿ ಓಡಿಸುವುದು ಲೋಂಡಾ, ಕ್ಯಾಸಲ್‌ರಾಕ್, ಗದಗ, ಹೊಸಪೇಟೆ ಕಡೆಯ ಅದೇ ಹಳಿಗಳ ಮೇಲೆ. ಪ್ರತಿ ಸಿಗ್ನಲ್, ಪ್ರತಿ ಏರಿಳಿತ ಬಾಯಿಪಾಠ ಇರಬೇಕಾದ ಕೆಲಸ ಇದು, ಹೊಸ ಹೊಸ ದಾರಿಗೆ ಕಳಿಸುವುದಿಲ್ಲ. ಶುರುವಿನ ವರ್ಷಗಳು ಗೂಡ್ಸ್ ಗಾಡಿಯಲ್ಲಿ. ಡ್ಯೂಟಿಯ ಕರೆ ರಾತ್ರಿ ಎರಡಕ್ಕೂ ಬರಬಹುದು. ಪೂರ್ತಿ ಡ್ಯೂಟಿ ಮಾಡಿದ ಮೇಲೆ ಹೊರ ಊರಲ್ಲಿ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ 8 ತಾಸು, ಹುಬ್ಬಳ್ಳಿಗೆ ಬಂದಾಗ 16 ತಾಸು ವಿಶ್ರಾಂತಿ. ಕಿಲೋಮೀಟರ್ ಭತ್ಯೆಯಿಂದ ಪಗಾರ ಚೆನ್ನಾಗಿ ಏರುತ್ತದೆ. ರೈಲು ಓಡಿಸುವ ಕೆಲಸವೇ ಇಷ್ಟವಾದರೆ ಖಂಡಿತ ಹೋಗಿ, ಊರು ನೋಡುವ ಆಸೆಗೆ ಹೋಗಬೇಡಿ.

ಊರು ನೋಡುವ ಅನುಕೂಲ ರೈಲ್ವೆಯ ಎಲ್ಲ ಖಾಯಂ ನೌಕರರಿಗೂ ಸಿಗುವ ಪಾಸಿನಲ್ಲಿದೆ. ಗೆಜೆಟೆಡ್ ಅಲ್ಲದ ನೌಕರರಿಗೆ ಮೊದಲ 5 ವರ್ಷ ವರ್ಷಕ್ಕೆ 1 ಸೆಟ್ (ಹೋಗಿಬರುವ) ಉಚಿತ ಪಾಸ್, ಆಮೇಲೆ ವರ್ಷಕ್ಕೆ 3 ಸೆಟ್; ಜೊತೆಗೆ ಮೂರನೇ ಒಂದು ಪಾಲು ದರದಲ್ಲಿ ಹೋಗುವ ಪಿಟಿಓ (ರಿಯಾಯಿತಿ ಟಿಕೆಟ್ ಚೀಟಿ) 4 ಸೆಟ್. ಹೆಂಡತಿ ಅಥವಾ ಗಂಡ, ಮಕ್ಕಳೂ ಸೇರುತ್ತಾರೆ. ಕಚೇರಿಯ ಕ್ಲರ್ಕ್‌ಗೂ ಇದೇ ಲೆಕ್ಕ, ಮೇಲೆ ವಾರದ ಸೂಟಿ ನಿಶ್ಚಿತ. ಸುತ್ತುವ ಆಸೆಯಿದ್ದವರಿಗೆ ಎನ್‌ಟಿಪಿಸಿ (ರೈಲ್ವೆಯ ತಾಂತ್ರಿಕವಲ್ಲದ ಹುದ್ದೆಗಳ) ಪರೀಕ್ಷೆಯ ಮೂಲಕ ಹೋಗುವ ಕ್ಲರ್ಕ್, ಟಿಕೆಟ್ ವಿಭಾಗದ ಹುದ್ದೆಗಳೇ ಲೋಕೋ ಪೈಲಟ್‌ಗಿಂತ ಹೆಚ್ಚು ಒಪ್ಪುತ್ತವೆ.

ಲೋಕೋ ಪೈಲಟ್ ಕಡೆಗೇ ಹೋಗುವವರಿಗೆ: ಎಸ್ಸೆಸ್ಸೆಲ್ಸಿ ಜೊತೆ ನಿಗದಿತ ಟ್ರೇಡ್‌ನ ಐಟಿಐ, ಇಲ್ಲವೇ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಆಟೊಮೊಬೈಲ್ ಡಿಪ್ಲೊಮಾ ಬೇಕು. ಅರ್ಜಿಯಲ್ಲಿ ಒಂದೇ ರೈಲ್ವೆ ನೇಮಕಾತಿ ಮಂಡಳಿ (ಆರ್‌ಆರ್‌ಬಿ) ಆರಿಸಬೇಕು. ನಮ್ಮ ವಲಯಕ್ಕೆ ಬೆಂಗಳೂರು ಆರ್‌ಆರ್‌ಬಿ. ಮೊದಲ ಪರೀಕ್ಷೆ 60 ನಿಮಿಷಕ್ಕೆ 75 ಪ್ರಶ್ನೆ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ, ಕನ್ನಡದಲ್ಲಿ ಬರೆಯಬಹುದು. ಎರಡನೆಯದರಲ್ಲಿ ಪ್ರಶ್ನೆ, ಸಮಯ ಎರಡೂ ಹೆಚ್ಚು; ಅಂಕ ಕಡಿತ, ಭಾಷೆ ಹಾಗೇ. ಎಡವುವುದು ಮೂರನೆಯದರಲ್ಲಿ. ಕಂಪ್ಯೂಟರ್ ಮೇಲಿನ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ನೆನಪು, ಸೂಚನೆ ಪಾಲನೆ, ಆಳದ ಅಂದಾಜು, ಏಕಾಗ್ರತೆ, ಗ್ರಹಿಕೆಯ ವೇಗ ಎಂದು ಐದು ಭಾಗ. ಪ್ರತಿಯೊಂದರಲ್ಲೂ ಕನಿಷ್ಠ 42 ಟಿ-ಸ್ಕೋರ್ (ಉಳಿದವರ ಅಂಕಗಳ ಜೊತೆ ಹೋಲಿಸಿ ಲೆಕ್ಕ ಹಾಕಿದ ಅಂಕ) ಬರಲೇಬೇಕು, ಯಾವ ವರ್ಗಕ್ಕೂ ರಿಯಾಯಿತಿ ಇಲ್ಲ. ಒಂದು ಭಾಗದಲ್ಲಿ ಕಡಿಮೆಯಾದರೆ ಉಳಿದ ನಾಲ್ಕು ವ್ಯರ್ಥ. ಈ ಹಂತದ ಪ್ರಶ್ನೆಗಳು ಹಿಂದಿ, ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದವರು ಇದಕ್ಕೆ ಎರಡನೇ ಪರೀಕ್ಷೆಯ ಫಲಿತಾಂಶ ಕಾಯದೆ ಮೊದಲಿನಿಂದಲೇ ದಿನಕ್ಕೆ ಅರ್ಧ ತಾಸು ಅಭ್ಯಾಸ ಇಟ್ಟುಕೊಳ್ಳಬೇಕು.

ಮಷಿನ್ ಹಿಂದೆ ಹೋಗುವ ಕೆಲಸ

ಐಟಿಐ, ಡಿಪ್ಲೊಮಾದವರಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಇದು, ಆದರೂ ಇದರ ಬಗ್ಗೆ ಮಾತಾಡುವವರು ಕಡಿಮೆ. ಧಾರವಾಡದ ಟಾಟಾ ಹಿಟಾಚಿಯಲ್ಲಿ ಎಕ್ಸ್‌ಕವೇಟರ್ ತಯಾರಾಗುತ್ತವೆ, ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ವಾಲ್ವ್, ಯಂತ್ರಭಾಗ ಮಾಡುವ ಘಟಕಗಳಿವೆ. ಮಾರಿದ ಯಂತ್ರವನ್ನು ಗಿರಾಕಿಯ ಜಾಗದಲ್ಲಿ ಕೂಡಿಸಿ, ಚಾಲೂ ಮಾಡಿ, ಕೆಟ್ಟಾಗ ರಿಪೇರಿ ಮಾಡಿ ಬರಲು ಜನ ಬೇಕು. ಹದಿನೈದು ದಿನ ಒಂದು ಊರಲ್ಲಿ ಇರಬೇಕಾಗುತ್ತದೆ, ಸಂಜೆ ಬಿಡುವು ಸಿಗುತ್ತದೆ, ಭಾನುವಾರ ಒಮ್ಮೊಮ್ಮೆ ಖಾಲಿ. ಊರು ನೋಡಲು ಇಷ್ಟು ಸಮಯ ಕೊಡುವ ಕೆಲಸ ಬೇರೆ ಇಲ್ಲ.

ನೇರವಾಗಿ ಸರ್ವಿಸ್ ವಿಭಾಗಕ್ಕೆ ಸೇರಬೇಡಿ. ಮೊದಲ ಒಂದೂವರೆ-ಎರಡು ವರ್ಷ ಅಸೆಂಬ್ಲಿಯಲ್ಲೋ ಟೆಸ್ಟಿಂಗ್‌ನಲ್ಲೋ ಇದ್ದು ಯಂತ್ರವನ್ನು ಬಿಚ್ಚಿ ಕೂಡಿಸುವುದನ್ನು ಕಲಿಯಿರಿ. ಹೊರಗೆ ಹೋದಾಗ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆ ಅವಧಿಯಲ್ಲಿ ವಿದ್ಯುತ್ ಡ್ರಾಯಿಂಗ್ ಓದುವುದು, ಪಿಎಲ್‌ಸಿಯ (ಯಂತ್ರ ನಡೆಸುವ ಕಂಟ್ರೋಲರ್) ಮೂಲಪಾಠ, ಹೈಡ್ರಾಲಿಕ್ಸ್, ಹಿಂದಿಯಲ್ಲಿ ಮಾತು, ಇಂಗ್ಲಿಷಿನಲ್ಲಿ ಒಂದು ಪುಟದ ವರದಿ ಬರೆಯುವುದು ಕಲಿಯಿರಿ. ಸರ್ವಿಸ್ ರಿಪೋರ್ಟಿನಲ್ಲಿ ಸೈಟ್‌ಗೆ ಹೋದ ಹೊತ್ತು, ಬಿಟ್ಟ ಹೊತ್ತು, ಕಂಡ ದೋಷ, ಬದಲಿಸಿದ ಭಾಗದ ನಂಬರ್, ಬಾಕಿ ಉಳಿದ ಕೆಲಸ ಇಷ್ಟೂ ಇರಬೇಕು, ಕೆಳಗೆ ಗಿರಾಕಿಯ ಸಹಿ ಮತ್ತು ಶಿಕ್ಕಾ. ಸಹಿಯಿಲ್ಲದೆ ಮರಳಿದರೆ ಕಂಪನಿಗೆ ಬಿಲ್ ಬರುವುದಿಲ್ಲ, ನಿಮ್ಮ ಟಿಎ-ಡಿಎ (ಪ್ರಯಾಣದ ಭತ್ಯೆ, ದಿನದ ಭತ್ಯೆ) ಕೂಡ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಗದಗ ಜಿಲ್ಲೆಯ ಗುಡ್ಡಗಳ ಮೇಲಿನ ಗಾಳಿಗಿರಣಿಗಳೂ ಇದೇ ಜಾತಿಯ ಕೆಲಸ ಕೊಡುತ್ತವೆ. ಎಲೆಕ್ಟ್ರಿಷಿಯನ್ ಐಟಿಐ ಅಥವಾ ಎಲೆಕ್ಟ್ರಿಕಲ್ ಡಿಪ್ಲೊಮಾ ಇದ್ದವರು ನಿರ್ವಹಣಾ ಕಂಪನಿಗಳಲ್ಲಿ ಶುರುಮಾಡಿ, ಮುಂದೆ ಗುಜರಾತಿನ ಕಛ್, ರಾಜಸ್ಥಾನದ ಜೈಸಲ್ಮೇರ್, ತಮಿಳುನಾಡಿನ ಮುಪ್ಪಂದಲ್ ಸೈಟ್‌ಗಳಿಗೆ ಹೋಗಬಹುದು. ಜಿಡಬ್ಲ್ಯೂಓ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸುರಕ್ಷಾ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ: ಎತ್ತರದ ಕೆಲಸ, ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವ ರೀತಿ. ಅದು ಎರಡು ವರ್ಷಕ್ಕೆ ತೀರುತ್ತದೆ, ಆದ್ದರಿಂದ ಕೆಲಸ ಸಿಗುವ ಮೊದಲು ಸ್ವಂತ ದುಡ್ಡಿನಿಂದ ಮಾಡಿಸಿಕೊಂಡು ಮನೆಯಲ್ಲಿ ಕೂತರೆ ಅವಧಿ ಸುಮ್ಮನೆ ಕಳೆಯುತ್ತದೆ. ಆಫರ್ ಕೈಗೆ ಬಂದ ಮೇಲೆ ಕಂಪನಿಯಿಂದಲೇ ಮಾಡಿಸಿಕೊಳ್ಳಿ. ಗೋಪುರದ ಎತ್ತರ 80 ಮೀಟರ್‌ನಿಂದ ಮೇಲಕ್ಕೆ, ಹಲವು ಕಡೆ ಏಣಿಯೇ ಗತಿ. ಎತ್ತರದ ಅಂಜಿಕೆ ಇದೆಯೋ ಇಲ್ಲವೋ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಮಳೆಗಾಲದ ತಿಂಗಳುಗಳಲ್ಲಿ ಗಾಳಿ ಜೋರು, ಗಿರಣಿ ನಿಂತರೆ ಕಂಪನಿಗೆ ನಷ್ಟ. ಆಗ ಸೂಟಿ ಕೇಳಿದರೆ ಸಿಗದು.

ಇದರ ಮುಂದಿನ ಮೆಟ್ಟಿಲು ಹಗ್ಗದ ಮೇಲೆ ತೂಗಿ ಮಾಡುವ ಕೆಲಸ, ರೋಪ್ ಆಕ್ಸೆಸ್. ಇರಾಟಾ ಸಂಸ್ಥೆಯ ಮೂರು ಹಂತಗಳಲ್ಲಿ ಮೊದಲನೆಯದಕ್ಕೆ 4 ದಿನ ತರಬೇತಿ, ಮರುದಿನ ಪರೀಕ್ಷೆ. ಎರಡನೇ ಹಂತಕ್ಕೆ ಕನಿಷ್ಠ 12 ತಿಂಗಳು ಮತ್ತು 1,000 ತಾಸು ಕೆಲಸದ ದಾಖಲೆ ಬೇಕು. ಬರೀ ಹಗ್ಗದ ಸರ್ಟಿಫಿಕೇಟ್ ಇದ್ದರೆ ಕೂಲಿ ಕಡಿಮೆ. ವೆಲ್ಡಿಂಗ್, ಬ್ಲೇಡ್ ರಿಪೇರಿ, ಎನ್‌ಡಿಟಿ (ಭಾಗವನ್ನು ಹಾಳು ಮಾಡದೆ ದೋಷ ಹುಡುಕುವ) ತಪಾಸಣೆ ಇವುಗಳಲ್ಲಿ ಒಂದು ಕಸುಬು ಜೊತೆಗಿದ್ದರೆ ತೈಲ ವೇದಿಕೆಗಳವರೆಗೆ ದಾರಿಯಿದೆ.

ಹಡಗು

ಪಿಯುಸಿ ಸೈನ್ಸ್‌ನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಸರಾಸರಿ 60 ಪ್ರತಿಶತ, ಇಂಗ್ಲಿಷ್‌ನಲ್ಲಿ 50 ಇದ್ದವರು ಐಎಂಯು ಸಿಇಟಿ (ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ) ಬರೆದು ಆಫೀಸರ್ ಕೋರ್ಸಿಗೆ ಹೋಗಬಹುದು. ಎಸ್ಸೆಸ್ಸೆಲ್ಸಿ ಆದವರಿಗೆ ಹಡಗಿನ ಸಾಮಾನ್ಯ ಸಿಬ್ಬಂದಿಯಾಗಲು ಜಿಪಿ ರೇಟಿಂಗ್ ಎಂಬ 6 ತಿಂಗಳ ತರಬೇತಿ ಇದೆ. ವಯಸ್ಸು 17 ವರ್ಷ 6 ತಿಂಗಳಿಂದ 25. ಎರಡಕ್ಕೂ ಸಂಸ್ಥೆ ಡಿಜಿ ಶಿಪ್ಪಿಂಗ್ (ಹಡಗು ಸಾರಿಗೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ) ಒಪ್ಪಿಗೆಯದ್ದಾಗಿರಬೇಕು.

ದುಡ್ಡು ಮುಳುಗುವುದು ಬಹುತೇಕ ಒಂದೇ ರೀತಿ. "ಪರೀಕ್ಷೆ ಬೇಡ, ಮೂರು ತಿಂಗಳಲ್ಲಿ ಹಡಗು ಹತ್ತಿಸುತ್ತೇವೆ" ಎಂದು ಏಜೆಂಟ್ ಲಕ್ಷಗಟ್ಟಲೆ ಇಸಿದುಕೊಳ್ಳುತ್ತಾನೆ, ಬೇರೆ ಯಾವುದೋ ದೇಶದ ಸಿಡಿಸಿ (ನಾವಿಕನ ಗುರುತು ಮತ್ತು ಕೆಲಸದ ದಾಖಲೆ) ಪುಸ್ತಕ ಕೈಗಿಡುತ್ತಾನೆ. ಅದನ್ನು ನಂಬಿ ಹೋದ ಹುಡುಗ ಹೊರದೇಶದ ಬಂದರಿನಲ್ಲಿ ಪಗಾರವಿಲ್ಲದೆ ಸಿಕ್ಕಿಬೀಳುತ್ತಾನೆ. ನಾವಿಕರನ್ನು ನೇಮಿಸುವ ಕಂಪನಿಗೆ ಡಿಜಿ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್ (ನೇಮಕಾತಿ ಸೇವೆಯ) ಪರವಾನಗಿ ಇರಬೇಕು, ಆ ನಂಬರನ್ನು ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ನೀವೇ ಹುಡುಕಿ ನೋಡಬೇಕು. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ನಿಯಮಕ್ಕೆ ವಿರುದ್ಧ. ಇನ್ನೊಂದು ತೊಡಕು ತರಬೇತಿ ಮುಗಿದ ಮೇಲಿನದು. ಮೊದಲ ಹಡಗು ಸಿಗುವುದೇ ಕಷ್ಟ. ಅದಕ್ಕೇ ಫೀ ಕಟ್ಟುವ ಮೊದಲು ತರಬೇತಿ ಮುಗಿದ ಮೇಲೆ ಹಡಗಿಗೆ ತೆಗೆದುಕೊಳ್ಳುತ್ತೇವೆ ಎಂಬ ಶಿಪ್ಪಿಂಗ್ ಕಂಪನಿಯೊಂದರ ಸ್ಪಾನ್ಸರ್‌ಶಿಪ್ ಪತ್ರ ಸಂಪಾದಿಸಲು ನೋಡಿ; ಪತ್ರ ಸಿಗದಿದ್ದರೆ ಆ ವರ್ಷ ಕಾಯುವುದೇ ಲೇಸು.

ಟೂರ್ ಮ್ಯಾನೇಜರ್, ಗೈಡ್, ಕ್ಯಾಬಿನ್ ಸಿಬ್ಬಂದಿ

ಗೈಡ್ ಕೆಲಸವನ್ನು ತಿರುಗಾಟದ ಕೆಲಸ ಎಂದುಕೊಳ್ಳಬೇಡಿ. ಲಕ್ಕುಂಡಿಯ ಗೈಡ್ ಲಕ್ಕುಂಡಿಯಲ್ಲೇ ಇರುತ್ತಾರೆ, ತಿರುಗುವವರು ಪ್ರವಾಸಿಗರು. ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿಯ ಕಂಬಗಳನ್ನು ತಾಸುಗಟ್ಟಲೆ ವಿವರಿಸಬಲ್ಲ ಓದು ಇರುವವರಿಗೆ ಅದು ಬಹಳ ಒಳ್ಳೆಯ ಕಸುಬು, ಅಷ್ಟೇ. ಸುತ್ತಬೇಕೆಂದರೆ ಟೂರ್ ಮ್ಯಾನೇಜರ್ ಆಗಬೇಕು: ಕಾಶಿ, ಚಾರ್ ಧಾಮ್, ದುಬೈ, ಯುರೋಪಿಗೆ ತಂಡ ಕರೆದೊಯ್ಯುವ ಕೆಲಸ. ಪದವಿಗಿಂತ ಹಿಂದಿ-ಇಂಗ್ಲಿಷ್ ಮಾತು, ತಾಳ್ಮೆ, ಲೆಕ್ಕ ಮುಖ್ಯ. ಏಪ್ರಿಲ್-ಮೇ ಮತ್ತು ದಸರಾದಿಂದ ದೀಪಾವಳಿವರೆಗೆ ಬಿಡುವಿಲ್ಲ, ಮಳೆಗಾಲದಲ್ಲಿ ಕೆಲಸ ಕಡಿಮೆ. ಪಗಾರ ತಿಂಗಳದ್ದೋ ಟ್ರಿಪ್ಪಿನದ್ದೋ ಎಂದು ಮೊದಲೇ ಕೇಳಿ. ಹೋಟೆಲಿಗೆ ಹಿಂದಿನ ದಿನವೇ ರೂಮಿನ ಪಟ್ಟಿ ಕಳಿಸಿ, ಮೊಳಕಾಲು ನೋವಿನವರಿಗೆ ಕೆಳಮಹಡಿ, ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರ ಊಟ, ಸಕ್ಕರೆ ಕಾಯಿಲೆಯವರ ಊಟದ ಹೊತ್ತು ಇವನ್ನು ಬರೆದು ಕಳಿಸುವವರೇ ಈ ಕೆಲಸದಲ್ಲಿ ನಿಲ್ಲುತ್ತಾರೆ.

ಕ್ಯಾಬಿನ್ ಸಿಬ್ಬಂದಿಯ ಬಗ್ಗೆ ಒಂದೇ ಮಾತು: ಹೆಚ್ಚಿನ ವಿಮಾನ ಕಂಪನಿಗಳು ಕೇಳುವುದು ಪಿಯುಸಿ, ಎತ್ತರ, ಮಾತು, ವಯಸ್ಸು; ತರಬೇತಿ ಅವರೇ ಕೊಡುತ್ತಾರೆ. ಲಕ್ಷ ರೂಪಾಯಿಯ ಏವಿಯೇಷನ್ ಡಿಪ್ಲೊಮಾ ಕಡ್ಡಾಯವಲ್ಲ. ಮೊದಲು ಒಂದೆರಡು ನೇರ ಸಂದರ್ಶನಕ್ಕೆ ಹೋಗಿ ಬನ್ನಿ.

ಹೊರದೇಶಕ್ಕೆ

ಬಿಎಸ್ಸಿ ನರ್ಸಿಂಗ್, ಜಿಎನ್ಎಂ ಆದವರಿಗೆ ದಾರಿ ಅಗಲವಾಗಿದೆ, ತಡೆಯುವುದು ಭಾಷೆ. ಬ್ರಿಟನ್ನಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರರಲ್ಲಿ 7, ಬರವಣಿಗೆಯಲ್ಲಿ 6.5, ಜರ್ಮನಿಯಲ್ಲಿ ಪೂರ್ಣ ಮಾನ್ಯತೆಗೆ ಜರ್ಮನ್ ಬಿ2 ಮಟ್ಟ. ಆಸ್ಪತ್ರೆಯ ಡ್ಯೂಟಿ ಮಾಡುತ್ತಲೇ ಕಲಿಯುವುದಾದರೆ ಜರ್ಮನ್‌ಗೆ ಒಂದು ವರ್ಷಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಎರಡು ವರ್ಷದ ವಾರ್ಡ್ ಅನುಭವದ ಪತ್ರವನ್ನು ಆಸ್ಪತ್ರೆ ಬಿಡುವ ದಿನವೇ ಬರೆಸಿಕೊಳ್ಳಿ, ಆಮೇಲೆ ಅಲೆದಾಟ ಆಗುತ್ತದೆ.

ಕೊಲ್ಲಿಗೆ ಯಾವ ಕೆಲಸಕ್ಕೇ ಹೋಗಲಿ, ನೇಮಕಾತಿ ಏಜೆಂಟ್‌ನ ನೋಂದಣಿ ನಂಬರನ್ನು ಕೇಂದ್ರ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ, ರಸೀದಿ ಸಮೇತ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸೋಣ ಎಂದವನ ಜೊತೆ ಮಾತು ಬೆಳೆಸಬೇಡಿ.

ಆಫರ್ ಪತ್ರ ಓದುವಾಗ

ಸಂಬಳಕ್ಕಿಂತ ಮೊದಲು ಪ್ರವಾಸದ ಸಾಲುಗಳನ್ನು ಓದಿ. ದಿನದ ಡಿಎ ಎಷ್ಟು, ರೂಮಿನ ಬಾಡಿಗೆಗೆ ಮಿತಿ ಎಷ್ಟು, ಮುಂಗಡ ಕೊಡುತ್ತಾರೋ ನೀವೇ ಹಾಕಿ ಆಮೇಲೆ ಪಡೆಯಬೇಕೋ, ಬಿಲ್ ಕೊಟ್ಟ ಎಷ್ಟು ದಿನಕ್ಕೆ ಹಣ ಬರುತ್ತದೆ, ಭಾನುವಾರ ಪ್ರಯಾಣ ಮಾಡಿದರೆ ಬದಲಿ ಸೂಟಿ ಇದೆಯೋ. ತಿಂಗಳ ಪಗಾರ 20,000 ಇದ್ದು, ಎರಡು ಟೂರಿಗೆ ನಿಮ್ಮ ಕೈಯಿಂದ 25,000 ಹಾಕಿ ಎರಡು ತಿಂಗಳು ಕಾಯಬೇಕಾದರೆ ನೀವು ಸಾಲ ಮಾಡಿ ಕಂಪನಿ ನಡೆಸಿದಂತೆ ಆಗುತ್ತದೆ. ಮುಂಗಡ ಇಲ್ಲ ಎಂದರೆ ಟಿಕೆಟ್, ಹೋಟೆಲ್ ಕಂಪನಿಯೇ ಬುಕ್ ಮಾಡಲಿ ಎಂದು ಪತ್ರದಲ್ಲಿ ಬರೆಸಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಹಣ, ಆ ಹಣ ತಿಂಗಳು ಕಳೆದಂತೆ ಇಳಿಯುತ್ತದೋ ಇಲ್ಲವೋ ನೋಡಿ. ಮೂಲ ಅಂಕಪಟ್ಟಿಯನ್ನು ಯಾರಿಗೂ ಒತ್ತೆ ಇಡಬೇಡಿ. ಪರಿಶೀಲನೆಗೆ ತೋರಿಸಿ, ಝೆರಾಕ್ಸ್ ಕೊಟ್ಟು, ಮೂಲವನ್ನು ಅಂದೇ ವಾಪಸ್ ತನ್ನಿ.